ನಂಜುಂಡೇಶ್ವರಸ್ವಾಮಿ ಸಾಕ್ಷಿ

ವಕೀಲ ಸೋಮಶೇಖರ ಉಯಿಲಿನ ಕೊನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ಮತ್ತೆ ಓದಿದ. ಅದರಲ್ಲಿ ಅಷ್ಟು ಹುಡುಕುವಂಥದ್ದೇನಿದೆಯೋ ಮಂಗಳಗೌರಿಗೆ ತಿಳಿಯಲಿಲ್ಲ. ಅಣ್ಣ ಸಿದ್ದಮಲ್ಲಪ್ಪ ತನ್ನ ದುಂಡನೆಯ ಅಕ್ಷರದಲ್ಲಿ, ನಂಜನಗೂಡಿನ ಈ ಮನೆ ಸ್ವಂತ ದುಡಿಮೆಯದು, ತನ್ನ ಕಾಲಾನಂತರ ತಂಗಿ ಮಂಗಳಗೌರಿಗೆ ಸೇರತಕ್ಕದ್ದು ಎಂದು ಬರೆದು ಸಹಿ ಮಾಡಿದ್ದ.

"ಎರಡು ಸಾಕ್ಷಿ ಸೈನ್ ಬೇಕು ಅಕ್ಕ. ಚಿಕ್ಕಬಸಪ್ಪ ಮೇಷ್ಟ್ರದ್ದು ಒಂದೇ ಅದೆ."

"ಕೆಳಗಡೆ ನೋಡಪ್ಪ, ಇನ್ನೊಂದು ಅದಲ್ಲ."

ಕೆಳಗಡೆ, ವಿಭೂತಿ ಹಚ್ಚಿದ ಕಲೆಯ ಪಕ್ಕದಲ್ಲಿ, 'ಶ್ರೀ ನಂಜುಂಡೇಶ್ವರಸ್ವಾಮಿ ಸಾಕ್ಷಿ' ಎಂದಿತ್ತು. ದೇವರಿಗೆ ಸಾಕ್ಷಿಯಾಗಿ ನಿಲ್ಲುವುದೇನೂ ಹೊಸದಲ್ಲ, ಸಹಿ ಹಾಕಿ ಅಭ್ಯಾಸವಿಲ್ಲ ಅಷ್ಟೆ.

ಮೂರು ವರ್ಷದ ಹಿಂದೆ ಸಿದ್ದಮಲ್ಲಪ್ಪ ಎದುರು ಮನೆಯವರನ್ನೂ ಕರೆಯಲು ಹೊರಟಿದ್ದ. ತಡೆದವಳು ಮಂಗಳಗೌರಿಯೇ. ಮನೆ ತಂಗಿಗೆ ಬರೆದ ಸುದ್ದಿ ಬೀದಿಗೆಲ್ಲ ಗೊತ್ತಾಗಿ, ಮೈಸೂರಿನಲ್ಲಿರುವ ಮಗ ಬಸವೇಶನ ಕಿವಿಗೆ ಬಿದ್ದರೆ ಅಪ್ಪ ಮಗನಿಗೆ ಮುಖ ಮುರಿಯುತ್ತದೆ ಎಂದು ಅವಳಿಗೆ ಸಂಕೋಚ. ನಂಜುಂಡನಿಗಿಂತ ದೊಡ್ಡ ಸಾಕ್ಷಿ ಬೇಕೇ ಎಂದಿದ್ದಳು. ಅಣ್ಣ ನಕ್ಕು, ಹಾಗೇ ಬರೆದು, ಹಾಳೆಯನ್ನು ಗುಡಿಗೂ ಒಯ್ದು ಬಂದಿದ್ದ.

ಈಗ ಬಸವೇಶ ಮನೆಯನ್ನು ಅಳತೆ ಮಾಡಿಸಿಕೊಂಡು ಹೋಗಿದ್ದಾನೆ. ಅಪ್ಪ ಇರುವ ತನಕ ಇರಿ ಅತ್ತೆ ಎಂದು ಮೆತ್ತಗೇ ಹೇಳಿದ್ದಾನೆ. ಇಪ್ಪತ್ತಾರು ವರ್ಷದ ಹಿಂದೆ ಗಂಡ ತೀರಿ ಈ ಮನೆಗೆ ಬಂದವಳಿಗೆ ಬೇರೆ ಬಾಗಿಲಿಲ್ಲ.

ಇನ್ನೂ ಒಂದು ದಾರಿ ಇದೆ ಎಂದ ಸೋಮಶೇಖರ. ತಿಳಿದು ಬರೆದದ್ದು, ಸಹಿ ನನ್ನದೇ ಎಂದು ಸಿದ್ದಮಲ್ಲಪ್ಪ ತನ್ನೆದುರು ಒಪ್ಪಿದರೆ ತಾನೇ ಎರಡನೆಯ ಸಾಕ್ಷಿಯಾಗುವುದಾಗಿ ಹೇಳಿದ. ಸಿದ್ದಮಲ್ಲಪ್ಪ ತನ್ನ ತಂದೆಯ ಗೆಳೆಯನೆಂಬ ಅಭಿಮಾನಕ್ಕೆ ನರಸೀಪುರದಿಂದ ಬಂದಿದ್ದವನು. ಬರೀ ಕೈಯಲ್ಲಿ ಹಿಂದಿರುಗಲು ಅವನಿಗೂ ಮನಸ್ಸಿರಲಿಲ್ಲ.

ಸಿದ್ದಮಲ್ಲಪ್ಪನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಮಾತೆಲ್ಲ ಹೋಗಿ 'ಆಯ್ತು' ಎಂಬ ಒಂದು ಪದ ಉಳಿದಿತ್ತು. ಮಂಗಳಗೌರಿಗೆ ಅಷ್ಟೇ ಸಾಕಾಗಿತ್ತು. ಸ್ನಾನ ಮಾಡುತ್ತೀಯಾ ಎಂದರೆ ಆಯ್ತು, ಮಲಗುತ್ತೀಯಾ ಎಂದರೆ ಆಯ್ತು. ಅಣ್ಣನಿಗೆ ಎಲ್ಲ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ವಕೀಲ ಮಂಚದ ಪಕ್ಕ ಕುಳಿತು ಹಾಳೆ ತೋರಿಸಿದ. "ಈ ಸೈನ್ ನಿಮ್ದೇನಾ ದೊಡ್ಡಪ್ಪ?"

"ಆಯ್ತು."

ಮಂಗಳಗೌರಿಯ ಮುಖ ಅರಳಿತು. ಸೋಮಶೇಖರ ಪೆನ್ನು ತೆಗೆದವನು, ಅದನ್ನು ಹಾಳೆಗೆ ತಾಕಿಸದೆ ಇನ್ನೊಂದು ಪ್ರಶ್ನೆ ಕೇಳಿದ.

"ಮನೇನ ಬಸವೇಶಂಗೆ ಕೊಟ್ಬುಡೋಣ್ವಾ?"

"ಆಯ್ತು."

"ಈ ಕಾಗದ ಹರಿದಾಕ್ಲಾ ದೊಡ್ಡಪ್ಪ?"

"ಆಯ್ತು," ಎಂದ ಸಿದ್ದಮಲ್ಲಪ್ಪ, ಅದೇ ಮುಖದಲ್ಲಿ, ಅದೇ ದನಿಯಲ್ಲಿ.

ಸೋಮಶೇಖರ ಪೆನ್ನಿನ ಕ್ಯಾಪು ಹಾಕಿದ. ಹಾಳೆಯನ್ನು ಮಡಿಸಿ ಅವಳ ಕೈಗೆ ಕೊಟ್ಟು, ಬಸವೇಶನ ಹತ್ತಿರ ಒಂದು ಮಾತಾಡಿ ನೋಡುತ್ತೇನೆ ಎಂದ. ಆಡಿದರೂ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಾಫಿಗೂ ನಿಲ್ಲಲಿಲ್ಲ.

ಮಂಗಳಗೌರಿ ಗಂಜಿ ಬಟ್ಟಲು ತಂದು ಎಂದಿನಂತೆ ಮಂಚದ ತುದಿಯಲ್ಲಿ ಕುಳಿತಳು.

"ಬಿಸಿ ಅದಾ ಅಣ್ಣಯ್ಯ?"

"ಆಯ್ತು."

ಈ ಒಂದು ವರ್ಷದಲ್ಲಿ ಅವಳು ಎರಡನೆಯ ಪ್ರಶ್ನೆ ಕೇಳಿರಲೇ ಇಲ್ಲ. ಕೇಳಬಾರದೆಂದುಕೊಂಡೂ ಕೇಳಿದಳು.

"ತಣ್ಗದಾ?"

"ಆಯ್ತು."

ಅವಳು ಚಮಚವನ್ನು ತನ್ನ ತುಟಿಗೆ ತಾಕಿಸಿ ನೋಡಿದಳು. ಸುಡುತ್ತಿತ್ತು. ಊದಿ ಊದಿ ಆರಿಸಿ, ಅವನ ಬಾಯಿಗಿಟ್ಟಳು.