ಬಿಷಪ್ಪರ ನಿಲುವಂಗಿ

ಹಾರ್ನ್‌ಡೇಲ್ ಕಣಿವೆಯ ನೆತ್ತಿಯ ಮೇಲೆ ಹಳೇ ಗಿರಣಿಯವರ ಕೆರೆಯೊಂದಿತ್ತು. ಮಣ್ಣಿನ ಏರಿ, ಬುಡದಲ್ಲಿ ಸದಾ ಒಸರುತ್ತಿತ್ತು. ಅದರ ಕೆಳಗೇ ಮನೆಯಿದ್ದ ಮುದುಕಿ ವಿನಿಫ್ರೆಡ್, ಬಿಷಪ್ ಆಂಬ್ರೋಸ್ ಟಾಲ್‌ಹರ್ಸ್ಟರ ಕೈ ಹಿಡಿದು ಆ ಒಸರನ್ನು ಮುಟ್ಟಿಸಿದ್ದಳು.

“ತಿಳಿನೀರು ಬರೋವರೆಗೂ ಭಯ ಇಲ್ಲ ಸ್ವಾಮೇರೇ. ಕೆಸರು ಬಂತೋ, ಏರಿ ಒಳಗೊಳಗೇ ಕರಗ್ತಿದೆ ಅಂತರ್ಥ. ಲಂಡನ್ನಿನ ಸಂಸತ್ತಿನಲ್ಲಿ ನಿಮಗೊಂದು ಕುರ್ಚಿ ಇದೆಯಲ್ಲ, ಅದೇನು ಬೆಚ್ಚಗೆ ಕೂರೋಕಾ?”

ಬಿಷಪ್ಪರು ನಕ್ಕರು, ಆದರೆ ಮಾತು ಎದೆಗೆ ನಾಟಿತು. ಖಾಸಗಿ ಕೆರೆಗಳನ್ನೂ ಸರ್ಕಾರ ಕೂಡಲೇ ತಪಾಸಣೆ ಮಾಡಬೇಕೆಂಬ ತಿದ್ದುಪಡಿ ಮೇಲ್ಮನೆಗೆ ಬಂದಾಗ, ಅದಕ್ಕಾಗಿ ಕಂಡಕಂಡವರ ಕಾಲು ಹಿಡಿದು ಮತ ಕೂಡಿಸಿದರು.

ಆ ವಾರ ಸಭೆಯ ಪ್ರಾರ್ಥನೆ ಹೇಳುವ ಸರದಿಯೂ ಅವರದೇ. ಸದಸ್ಯರು ಪದ್ಧತಿಯಂತೆ ಗೋಡೆಗೆ ಮುಖ ಮಾಡಿ ಮಂಡಿಯೂರಿದರು. ಅಷ್ಟೊಂದು ಬೆನ್ನುಗಳನ್ನು ಕಂಡು ಬಿಷಪ್ಪರಿಗೆ ಯಾಕೋ ಅಳುಕಾಯಿತು.

ಚರ್ಚೆ ಎಳೆಯಿತು. ತಿದ್ದುಪಡಿ ಬೇಡವೆನ್ನುತ್ತಿದ್ದ ಸರ್ಕಾರದ ಕಡೆಯ ಲಾರ್ಡ್ ಥರ್ಲ್‌ಬಿ, ಬೆಣ್ಣೆಯಂಥ ಮಾತಿನವನು, ಪಕ್ಕಕ್ಕೆ ಬಂದ.

“ಮತಕ್ಕೆ ಹಾಕೋದು ರಾತ್ರಿ ಊಟ ಆದ್ಮೇಲೆ, ಬಿಷಪ್ಪರೇ. ಚಹಾ ಕುಡಿಯೋಣ ನಡೀರಿ. ಆ ನಿಲುವಂಗಿಯ ಬಿಳಿ ತೋಳು ಚಹಾದಲ್ಲಿ ಅದ್ದೀತು, ಕಳಚಿಟ್ಟು ಬನ್ನಿ.”

ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಜೀವ ಬಿಷಪ್ಪರದು. ಕಳಚಿಟ್ಟು ಹೋದರು. ಮೊದಲ ಬನ್ನು ಮುರಿಯುವಷ್ಟರಲ್ಲಿ ಮತದ ಗಂಟೆ ಬಾರಿಸಿತು. ಎಂಟು ನಿಮಿಷಕ್ಕೆ ಬಾಗಿಲು ಬಂದ್.

“ಅಯ್ಯೋ, ಬೇಗ ಆಗೋಯ್ತಲ್ಲ!” ಎನ್ನುತ್ತಾ ಥರ್ಲ್‌ಬಿ ತನ್ನ ಮತ ಹಾಕಲು ನಡೆದೇಬಿಟ್ಟ.

ಬಿಷಪ್ಪರು ಬಾಗಿಲಿಗೆ ಓಡಿದರು. ದ್ವಾರಪಾಲಕ ಗೆಥಿನ್ ತಗ್ಗಿದ ದನಿಯಲ್ಲಿ, “ನಿಲುವಂಗಿ, ಬಿಷಪ್ಪರೇ…” ಎಂದ. ನಿಲುವಂಗಿಯಿಲ್ಲದೆ ಬಿಷಪ್ಪರು ಒಳಗೆ ಕಾಲಿಡುವ ವಾಡಿಕೆ ಅಲ್ಲಿಲ್ಲ. ವಾಡಿಕೆ ಮೀರಿ ಗೊತ್ತಿಲ್ಲದ ಮನುಷ್ಯ ಹಿಂದಿರುಗಿ ಓಡಿ, ಮೆಟ್ಟಿಲು ಹತ್ತಿ, ಒಂದೊಂದೇ ಗುಂಡಿ ಹಾಕಿಕೊಂಡು ಬರುವಷ್ಟರಲ್ಲಿ ಬಾಗಿಲು ಹಾಕಿತ್ತು.

ಮತಗಳು ಸಮ ಬಿದ್ದವು. ಸಮ ಬಿದ್ದರೆ ತಿದ್ದುಪಡಿ ಬಿತ್ತೆಂದೇ ಲೆಕ್ಕ.

“ಹೇಳೋದು ನನ್ನ ಕೆಲಸ, ಹೇಳ್ದೆ,” ಎಂದ ಗೆಥಿನ್, ಮುಖ ನೋಡಲಾಗದೆ. “ನೀವು ನುಗ್ಗಿದ್ರೆ ನಾನೇನು ಕತ್ತು ಹಿಡಿದು ದಬ್ತಿದ್ನಾ?”

ಆ ರಾತ್ರಿಯೆಲ್ಲ ಉತ್ತರದ ಹಾರ್ನ್‌ಡೇಲ್‌ನಲ್ಲಿ ಮಳೆ ಹೊಡೆಯಿತು.

ಮರುದಿನ ಮಧ್ಯಾಹ್ನ, ಪ್ರಾರ್ಥನೆಗೆ ಒಳಗೆ ಹೋಗಬೇಕು ಎನ್ನುವಾಗ ಬಿಷಪ್ಪರ ಫೋನ್ ಅದುರಿತು. ವಿನಿಫ್ರೆಡ್.

“ಸ್ವಾಮೇರೇ, ನಿನ್ನೆ ಗೆದ್ವಾ?”

“ಇಲ್ಲಮ್ಮ.”

“ಹೌದಾ… ಬೆಳಗಿಂದ ಕೆಸರು ಬರ್ತಿದೆ. ತಪಾಸಣೆಯೋರು ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಕೂತಿದ್ದೆ.”

“ಮನೆ ಬಿಡಿ! ಗುಡ್ಡ ಹತ್ತಿ, ಈಗಲೇ!”

“ಹತ್ತೀನಿ, ಬೆಕ್ಕೆಲ್ಲೋ ಕಾಣ್ತಿಲ್ಲ, ಅದನ್ನ ಹುಡುಕ್ಕೊಂಡು…”

ಸಂಪರ್ಕ ಕಡಿಯಿತು. ಅವರು ಮತ್ತೆ ಮತ್ತೆ ಕರೆ ಮಾಡಿದರು. ಒಳಗೆ ಇಡೀ ಸಭೆ ಪ್ರಾರ್ಥನೆಗೆ ಕಾಯುತ್ತಿತ್ತು. ಫೋನಿನ ಆ ಕಡೆ ಯಾರೂ ಎತ್ತಲಿಲ್ಲ. ಬಿಷಪ್ಪರ ನಿಲುವಂಗಿಯ ಒಂದು ಗುಂಡಿಯೂ ಇವತ್ತು ತಪ್ಪಿರಲಿಲ್ಲ.