ಆರು ಮಾರಿನ ಗಂಟು

ಅಣ್ಣನ ಮೀನುಗಳೆಲ್ಲ ಸತ್ತಿದ್ದು ಅವನು ನನ್ನ ಮಾತು ಕೇಳಿದ್ದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ.

ಕೆರೆಯ ನೀರು ಪರೀಕ್ಷಿಸುವುದು ನನ್ನ ಕೆಲಸ. ವಾರಕ್ಕೊಮ್ಮೆ ದೋಣಿಯಲ್ಲಿ ನಡುಗೆರೆಗೆ ಹೋಗಿ, ಭಾರದ ಬಾಟಲಿಯನ್ನು ಹಗ್ಗದಲ್ಲಿ ಇಳಿಸಿ, ಆಳದ ನೀರು ತಂದು ಅದರಲ್ಲಿ ಎಷ್ಟು ಆಮ್ಲಜನಕವಿದೆ ಎಂದು ನೋಡುತ್ತೇನೆ. ಅಣ್ಣ ಅದಕ್ಕೆ ಉಸಿರು ಅನ್ನುತ್ತಾನೆ, ನನಗೆ ಬಾಟ್ಲಿ ಅನ್ನುತ್ತಾನೆ. ಅದೇ ಕೆರೆಯಲ್ಲಿ ಅವನ ಮೀನು ಸಾಕಣೆ. ನೀರೊಳಗೆ ಇಳಿಬಿಟ್ಟ ಎಂಟು ಬಲೆಯ ಪಂಜರಗಳೇ ಅವನ ಮನೆಯ ಅನ್ನ.

ಕೆರೆ ಮೇಲಿಂದ ನೋಡಿದರೆ ಒಂದು, ಒಳಗೆ ಎರಡು. ಬೇಸಿಗೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ. ಮುನಿಸಿಕೊಂಡ ಓರಗಿತ್ತಿಯರ ಹಾಗೆ ಎರಡೂ ಬೆರೆಯುವುದೇ ಇಲ್ಲ. ಮೇಲೆ ಬಿಸಿಲು, ಪಾಚಿ, ಉಸಿರು. ಪಾಚಿಯನ್ನು ಸಣ್ಣ ನೀರುಹುಳು ತಿಂದರೆ ಹುಳುವನ್ನು ಮರಿಮೀನು ತಿನ್ನುತ್ತದೆ. ಸತ್ತದ್ದೆಲ್ಲ ಕೆಳಗೆ ಬೀಳುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಳದ ಉಸಿರನ್ನೆಲ್ಲ ಖಾಲಿ ಮಾಡುತ್ತವೆ. ಅಲ್ಲಿ ಕೆಸರಿನ ಕೆಂಪು ಹುಳುಗಳಷ್ಟೇ ಹೇಗೋ ಜೀವ ಹಿಡಿದುಕೊಂಡಿರುತ್ತವೆ. ಎರಡು ನೀರಿನ ಗಡಿ ಸುಮಾರು ಐದು ಮಾರು ಆಳದಲ್ಲಿ. ಇದೆಲ್ಲ ನನಗೆ ಬಾಯಿಪಾಠ.

ಹಗ್ಗದಲ್ಲಿ ಬಾಟಲಿಯಿಂದ ಮೇಲಕ್ಕೆ ಮಾರಿಗೊಂದು ಗಂಟು, ಆರನೆಯದಕ್ಕೆ ಕೆಂಪು ಬಟ್ಟೆ. ಬೇಸಿಗೆಯ ಶುರುವಿಗೆ ಬಾಟಲಿಯ ಕಡೆಗಿದ್ದ ಹಗ್ಗದ ತುದಿ ಲಡ್ಡಾಗಿತ್ತು. ಎರಡು ಮಾರು ಕತ್ತರಿಸಿ ಎಸೆದು, ಉಳಿದ ತುದಿಗೆ ಬಾಟಲಿ ಕಟ್ಟಿದೆ. ಗಂಟು ಎಣಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಕೆಂಪು ಬಟ್ಟೆ ನೀರು ಮುಟ್ಟಿದರೆ ಆರು ಮಾರು ಎಂದು ಬರೆಯುತ್ತಿದ್ದೆ. ಆ ಆಳದಲ್ಲೂ ಉಸಿರು ಸಿಕ್ಕಾಗ ಅನುಮಾನ ಪಡಬೇಕಿತ್ತು. ನಾನು ಹಿಗ್ಗಿದೆ.

ಬಿಸಿಲು ಏರಿದಂತೆ ಮೀನುಗಳು ಮೇವು ಬಿಟ್ಟವು. ಅಣ್ಣ ಅತ್ತಿಗೆಯ ಜೊತೆ ನನ್ನ ದೋಣಿಯ ಹತ್ತಿರ ಬಂದ.

"ಏ ಬಾಟ್ಲಿ, ಮೇಲಿನ ನೀರು ಕಾದು ಹೋಗಿದೆ. ಪಂಜರ ಆರು ಮಾರಿಗೆ ಇಳಿಸ್ಲಾ? ಅಲ್ಲಿ ಉಸಿರು ಇದೆಯಾ?"

"ಬೇಕಾದಷ್ಟಿದೆ. ಕಣ್ಣು ಮುಚ್ಕೊಂಡು ಇಳಿಸು."

"ಮೊದ್ಲು ಒಂದು ಇಳಿಸಿ ನೋಡೋಣ" ಅಂದಳು ಅತ್ತಿಗೆ.

"ನನ್ನ ತಂಗಿ ಹೇಳಿದ್ಮೇಲೆ ಮುಗೀತು" ಅಂದ ಅಣ್ಣ.

ಬೆಳಿಗ್ಗೆ ಎಂಟನ್ನೂ ಇಳಿಸಿದರು. ಮಧ್ಯಾಹ್ನ ಮೇವು ಹಾಕಲು ಎತ್ತಿದಾಗ ಎಂಟರಲ್ಲೂ ಬರೀ ಬಿಳಿ ಹೊಟ್ಟೆಗಳು. ಒಂದು ಬಾಲವೂ ಅಲ್ಲಾಡಲಿಲ್ಲ.

ನಾನು ಓಡಿಬಂದಾಗ ಅಣ್ಣ ಪಂಜರಗಳ ಪಕ್ಕದ ಹಲಗೆಯ ಮೇಲೆ ಕೂತು ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದ. "ನನ್ನದೇ ಅವಸರ" ಅಂದ. "ಬಿಸಿಯಿಂದ ತಣ್ಣಗೆ ಒಮ್ಮೆಗೇ ಹಾಕ್ಬಾರ್ದಿತ್ತು. ಕೈಯಾರೆ ಕೊಂದೆ ಬಾಟ್ಲಿ."

ಅತ್ತಿಗೆ ಅವನನ್ನು ದುರುಗುಟ್ಟಿ ನೋಡುತ್ತಿದ್ದಳು. ನಾನು ದೋಣಿಗೆ ಹೋಗಿ ಗಂಟು ಎಣಿಸಿದೆ. ಬಟ್ಟೆಯವರೆಗೆ ನಾಲ್ಕೇ ಇದ್ದವು. ಇಷ್ಟು ದಿನ ನಾನು ನೀರು ತಂದದ್ದು ಗಡಿಯ ಮೇಲಿಂದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸುಮ್ಮನಿರಬೇಕೆಂದು ಆಸೆಯೂ ಆಯಿತು. ಆದರೆ ಅವನು ಇನ್ನೂ "ಕೈಯಾರೆ" ಅನ್ನುತ್ತಲೇ ಇದ್ದ. ಹಗ್ಗ ತಂದು ಅವನ ಮಡಿಲಿಗೆ ಹಾಕಿದೆ.

"ಕೊಂದಿದ್ದು ನೀನಲ್ಲ. ಇದನ್ನ ಅಳೆದು ನೋಡು."

ಅಣ್ಣ ಎದ್ದು ನಿಂತು, ಬಾಟಲಿಯಿಂದ ಹಿಡಿದು ಎರಡು ಕೈ ಚಾಚಿ ಅಳೆದ. ಒಂದು, ಎರಡು, ಮೂರು. ನಾಲ್ಕಕ್ಕೇ ಕೆಂಪು ಬಟ್ಟೆ ಕೈಗೆ ಬಂತು. ಆಮೇಲೆ ಹಗ್ಗವನ್ನು ನೀಟಾಗಿ ಸುತ್ತಿ ಅತ್ತಿಗೆಯ ಕೈಗೆ ಕೊಟ್ಟ. ನನ್ನ ಕಡೆ ನೋಡಲಿಲ್ಲ.

"ಈ ಮೇಡಂಗೆ ಕೊಡು" ಅಂದ. "ಅವರಿಗೆ ಕೆಲಸ ಇರುತ್ತೆ."