ಮೂಲೆಯಲ್ಲಿದ್ದ ಹೆಸರು

ಮಕ್ತುಮಬಿಯ ಅನುಮಾನಕ್ಕೆ ಧಾರವಾಡದ ಮಾಳಮಡ್ಡಿಯಲ್ಲಿ ಹೆದರದವರಿಲ್ಲ. ಹಾಲಿನವನು ಎರಡು ದಿನ ನಗುನಗುತ್ತ ಮಾತಾಡಿದರೆ ಮೂರನೆಯ ದಿನ ಹಾಲಿಗೆ ನೀರು ಬಿದ್ದಿದೆ ಎಂದೇ ಅವಳು ತಿಳಿಯುವವಳು. ಅಂಥವಳ ಮುಂದೆ ಹುಬ್ಬಳ್ಳಿಯ ವ್ಯಾಪಾರಿ ಅಮರೇಶ ಬಂದು, ಕಸೂತಿ ಕೆಲಸ ನಿಂತಿತು ಎಂದರೆ ಸುಮ್ಮನೆ ಬಿಟ್ಟಾಳೆಯೇ?

"ಅಮೆರಿಕಾದವ್ರು ನಮ್ಮ ಮಾಲಿನ ಮ್ಯಾಲ ಐವತ್ತು ಪರ್ಸೆಂಟ್ ಸುಂಕ ಹಾಕ್ಯಾರ್ರಿ ಚಾಚಿ. ದಿಂಬಿನ ಕವರ್ ಅಲ್ಲಿ ಯಾರೂ ಕೊಳ್ಳವಲ್ರು."

"ಸುಂಕ ಕಟ್ಟಾವ್ರು ಅವರ ಮಂದಿ. ನನ್ನ ಸೂಜಿ ಯಾಕ ನಿಲ್ಲಬೇಕೋ?"

ಅಮರೇಶ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಆದರೆ ಹೊಲಿದಿಟ್ಟಿದ್ದ ನಲವತ್ತು ಕವರುಗಳನ್ನು ಮರೆಯದೆ ಒಯ್ದ. ಅಲ್ಲೇ ಅವಳಿಗೆ ಸಂಶಯ ಹೊಕ್ಕಿತು. ಕೊಳ್ಳುವವರೇ ಇಲ್ಲವಾದರೆ ಮಾಲು ಯಾಕೆ? ಸತ್ತೂರಿನಲ್ಲಿ ಕಸೂತಿ ಮಾಡಿಸುವ ಗುಲ್ನಾಜಳಿಗೆ ಕೆಲಸ ಕೊಟ್ಟಿದ್ದಾನೆ, ನಮ್ಮದನ್ನು ಮಾದರಿಗೆ ಒಯ್ದಿದ್ದಾನೆ, ಮುಗಿಯಿತು! ಮಕ್ತುಮಬಿಯನ್ನು ನಂಬಿ ಹನ್ನೆರಡು ಹೆಂಗಸರು ಹೊಲಿಯುತ್ತಿದ್ದರು. ಇದು ತಪ್ಪಿದರೆ ಅವರು ಯಾರ ಮನೆಯ ಮುಸುರೆ ತಿಕ್ಕಬೇಕು?

ಮರುದಿನ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಹೇಳದೆ ಕೇಳದೆ ಅವನ ಗೋದಾಮಿಗೆ ನುಗ್ಗಿದಳು.

ಗುಲ್ನಾಜಳ ಸುಳಿವೇ ಇಲ್ಲ. ಅಮರೇಶ ಒಬ್ಬನೇ ನೆಲದ ಮೇಲೆ ಕೂತು, ಕವರಿನ ಮೂಲೆಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದ. ಹೊಲಿದವಳು ತನ್ನ ಹೆಸರನ್ನೂ ಧಾರವಾಡದ ಹೆಸರನ್ನೂ ದಾರದಲ್ಲಿ ಬರೆಯುವ ಮೂಲೆ ಅದು. ಪಕ್ಕದಲ್ಲಿ ಹೊಸ ಲೇಬಲ್ಲುಗಳ ಕಟ್ಟು.

"ಏನೈತೋ ಅದರ ಮ್ಯಾಲ?"

ಅವನು ಕಟ್ಟನ್ನು ಮೊಣಕಾಲ ಕೆಳಗೆ ತಳ್ಳಿದ. "ಬ್ಯಾರೇ ದೇಶದ ಹೆಸರ್ರಿ. ಅಲ್ಲೀ ಮಾಲಂದ್ರ ಅಮೆರಿಕಾದಾಗ ಸುಂಕ ಕಡಿಮಿ. ಇದೊಂದ್ ಸಲ ದಾಟಿದ್ರ ನಿಮಗ ಮತ್ತ ಕೆಲಸ ಕೊಡೂಣಂತ ಮಾಡಿದ್ದೆ. ಮೊದ್ಲ ಹೇಳಿದ್ರ ನೀವು ಒಪ್ತಿದ್ದಿಲ್ಲ."

"ಸಿಕ್ಕಬಿದ್ರ?"

"ನಾ ಜೇಲಿಗೆ."

"ನಾಳೆ ಆ ದೇಶಕ್ಕೂ ಸುಂಕ ಹಾಕಿದ್ರ?"

"ಮತ್ತೊಂದ್ ದೇಶ ಹುಡುಕೂದ್ರಿ, ಏನ್ ಮಾಡೂದು?"

ಮಕ್ತುಮಬಿ ಕಪಾಳಕ್ಕೊಂದು ಬಿಡಬೇಕೆಂದು ಕೈ ಎತ್ತಿದಳು. ಅಷ್ಟರಲ್ಲಿ ಬ್ಲೇಡು ತಗುಲಿ ಹರಿದ ಬಟ್ಟೆ ಕಣ್ಣಿಗೆ ಬಿತ್ತು. ಹರಿದ ಮಾಲು ಯಾವ ದೇಶದ ಹೆಸರಲ್ಲೂ ಮಾರಾಟವಾಗುವುದಿಲ್ಲ. ಇದು ಮಾರದಿದ್ದರೆ ಆ ಹನ್ನೆರಡು ಮಂದಿಗೆ ಮತ್ತೆ ಕೆಲಸವೂ ಇಲ್ಲ.

"ಕಸೂತಿಗೆ ಬ್ಲೇಡ್ ಹಚ್ಚತಾರೇನೋ ಮಬ್ಬ! ಸರಿ ಅತ್ತಾಗ."

ಕನ್ನಡಕ ಏರಿಸಿ ಕೂತಳು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ದಾರದ ತುದಿ ಸಿಕ್ಕರೆ ಸಾಕು, ಎಳೆ ಎಳೆಯಾಗಿ ಬಿಚ್ಚಿಕೊಂಡು ಬರುತ್ತದೆ. ಮೊದಲು ಧಾರವಾಡ ಹೋಯಿತು. ಆಮೇಲೆ ಅವಳ ಹೆಸರು. ಬೆರಳಿಂದ ಉಜ್ಜಿದರೆ ಸೂಜಿಯ ಗುರುತೂ ಉಳಿಯಲಿಲ್ಲ. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

ಮುಂದಿನ ಕವರಿನ ಮೂಲೆಯಲ್ಲಿ, ಆ ಹನ್ನೆರಡು ಹೆಂಗಸರಲ್ಲಿ ಒಬ್ಬಳಾದ ಬಾಳವ್ವನ ಹೆಸರಿತ್ತು. ಹೊಲಿಯಲು ಕಲಿತ ಮೇಲೆಯೇ ಬಾಳವ್ವ ಅಕ್ಷರ ಕಲಿತವಳು, ಅದೂ ತನ್ನ ಹೆಸರಿನಷ್ಟು ಮಾತ್ರ.

"ಆಕಿಗೆ ಏನಂತ ಹೇಳಲೋ?"

"ಹೇಳಬ್ಯಾಡ್ರಿ ಚಾಚಿ."

ಮಕ್ತುಮಬಿ ಆ ಹೆಸರಿನ ಮೇಲೆ ಬೆರಳಾಡಿಸಿದಳು. ಕಡೆಗೆ ದಾರದ ತುದಿ ಹುಡುಕಿ ಹಿಡಿದಳು.

"ಮೊದ್ಲ ಎದ್ದು ಆ ಬಾಗಲಾ ಹಾಕು," ಎಂದಳು, "ಯಾರರೆ ನೋಡ್ಯಾರು."